ಹಳೆಯ ಸರಾಸರಿ, ಹೊಸ ಮಳೆ

ಅಣೆಕಟ್ಟೆಗೆ ವರ್ಷಕ್ಕೆ ಎಷ್ಟು ನೀರು ಬರುತ್ತದೆಂದು ಎಂಜಿನಿಯರುಗಳು ಹೇಗೆ ಅಂದಾಜು ಮಾಡುತ್ತಾರೆ ಗೊತ್ತೆ? ಹಿಂದಿನ ದಾಖಲೆಗಳ ಸರಾಸರಿಯಿಂದ. ಹವಾಮಾನ ಬದಲಾಗದೆಂಬ ನಂಬಿಕೆ ಇದರ ಹಿಂದಿದೆ. ಪಶ್ಚಿಮ ಆಸ್ಟ್ರೇಲಿಯ ರಾಜ್ಯದ ರಾಜಧಾನಿ ಪರ್ತ್ ಈ ನಂಬಿಕೆಯನ್ನು ಬೇಗನೆ ಕೈಬಿಡಬೇಕಾಯಿತು.

1911ರಿಂದ 1974ರವರೆಗೆ ಪರ್ತ್‌ನ ಜಲಾಶಯಗಳಿಗೆ ವರ್ಷಕ್ಕೆ ಸರಾಸರಿ 338 ಶತಕೋಟಿ ಲೀಟರ್ ನೀರು ಹರಿದುಬರುತ್ತಿತ್ತು. 1975-2000ರ ಅವಧಿಯಲ್ಲಿ ಅದು 177ಕ್ಕೆ ಇಳಿಯಿತು. ಆದರೆ ಮಳೆ ಕಡಿಮೆಯಾದದ್ದು ಸುಮಾರು ಶೇಕಡಾ 15ರಷ್ಟು ಮಾತ್ರ! ಹಾಗಾದರೆ ಒಳಹರಿವು ಅರ್ಧಕ್ಕೆ ಕುಸಿದದ್ದೇಕೆ? ಮಳೆಯಲ್ಲಿ ಮೊದಲ ಪಾಲು ನೆಲಕ್ಕೆ, ಗಿಡಮರಗಳಿಗೆ, ಮಿಕ್ಕದ್ದು ಹೊಳೆಗೆ. ನೂರು ರೂಪಾಯಿ ವರಮಾನದಲ್ಲಿ ಎಪ್ಪತ್ತು ಖರ್ಚಾಗುವ ಮನೆಯನ್ನು ಊಹಿಸಿಕೊಳ್ಳಿ. ವರಮಾನ ಹದಿನೈದು ರೂಪಾಯಿ ತಗ್ಗಿದರೆ ಉಳಿತಾಯ ಅರ್ಧವಾಗುತ್ತದೆ, ಅಲ್ಲವೆ?

ಒಳ್ಳೆಯ ಮಳೆಗಾಲ ಮರಳೀತೆಂದು ಕಾಯುವುದು ಸುಲಭವಿತ್ತು. ಆದರೆ ರಾಜ್ಯ ಸರ್ಕಾರ 1998ರಲ್ಲಿ ವಿಜ್ಞಾನಿಗಳನ್ನು ಕೂಡಿಸಿ ಹವಾಮಾನ ಅಧ್ಯಯನವನ್ನು ಆರಂಭಿಸಿತು. ಯೋಜಕರು ಹಳೆಯ ಸರಾಸರಿಯನ್ನು ಬದಿಗಿಟ್ಟು, 1975ರ ನಂತರದ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡರು. 2006ರಲ್ಲಿ ಕ್ವಿನಾನದಲ್ಲಿ, ಸಮುದ್ರದ ನೀರಿನಿಂದ ವರ್ಷಕ್ಕೆ ಸುಮಾರು 45 ಶತಕೋಟಿ ಲೀಟರ್ ಸಿಹಿನೀರು ಕೊಡಬಲ್ಲ ಸ್ಥಾವರ ಆರಂಭವಾಯಿತು. 2017ರಿಂದ ಚೆನ್ನಾಗಿ ಶುದ್ಧೀಕರಿಸಿದ ಬಳಕೆ ನೀರನ್ನು ಅಂತರ್ಜಲಕ್ಕೆ ಸೇರಿಸಲಾಗುತ್ತಿದೆ. ಇವೆರಡೂ ಮಳೆಯನ್ನು ನೆಚ್ಚಿಲ್ಲ. ಆದರೆ ಎರಡಕ್ಕೂ ವಿದ್ಯುತ್ತು ಬಹಳ ಬೇಕು. ಮೋಡ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಬೆಲೆ ತೆರಬೇಕು.

ನಮ್ಮಲ್ಲಿ? ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹಂಚಿದ 740 ಟಿಎಂಸಿ ನೀರೂ ಹಿಂದಿನ ದಾಖಲೆಗಳ ಲೆಕ್ಕವೇ. ಹಂಚಿಕೆಯ ಬಗ್ಗೆ ನಾವು ಬಹಳ ವಾದಿಸಿದ್ದೇವೆ. ಆ ಮೊತ್ತ ಮುಂದೆಯೂ ನಿಲ್ಲುವುದೇ ಎಂಬ ಪ್ರಶ್ನೆಯನ್ನೂ ನೀವು ಕೇಳಬೇಡವೆ?