ಗೋಲ್ಡ್‌ಫಿಶ್‌ಗೆ ಹೊಟ್ಟೆ ಉಬ್ಬರ: ಬಟಾಣಿ ಕೆಲಸ ಮಾಡುತ್ತದೆಯೇ, ಔಡಲೆಣ್ಣೆ ಹಾಕಬಹುದೇ?

ರಾಯಚೂರು ಪಕ್ಕದ ಗುಂಜಹಳ್ಳಿಯ ನಮ್ಮ ಸಂಬಂಧಿಕರ ಮನೆಯಲ್ಲಿ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಎರಡು ಗೋಲ್ಡ್‌ಫಿಶ್‌ಗಳಿದ್ದವು. ಒಂದು ದಿನ ಅವುಗಳಲ್ಲಿ ಒಂದು ಹೊಟ್ಟೆ ಉಬ್ಬಿಸಿಕೊಂಡು, ಬಾಲ ಮೇಲೆ ಮಾಡಿ ನೀರಿನ ಮೇಲ್ಭಾಗದಲ್ಲೇ ತೇಲತೊಡಗಿತು. ಮಕ್ಕಳಿಗೆ ಹೊಟ್ಟೆ ಕಟ್ಟಿದಾಗ ಮಾಡುವಂತೆ ಮನೆಯವರು ನೀರಿಗೆ ನಾಲ್ಕು ಹನಿ ಔಡಲೆಣ್ಣೆ ಬಿಟ್ಟರು. ಸಂಜೆಯ ಹೊತ್ತಿಗೆ ಎರಡೂ ಮೀನುಗಳು ಬಾಯಿ ಮೇಲೆತ್ತಿ ಗಾಳಿಗಾಗಿ ಒದ್ದಾಡುತ್ತಿದ್ದವು. ಕಾಯಿಲೆ ಇದ್ದದ್ದು ಒಂದಕ್ಕೆ, ಔಷಧಿಯಿಂದ ತೊಂದರೆಯಾದದ್ದು ಎರಡಕ್ಕೂ.

ಹೀಗಾಗಲು ಕಾರಣ ಸರಳ. ಎಣ್ಣೆ ನೀರಿನ ಮೇಲೆ ಪದರವಾಗಿ ಹರಡುತ್ತದೆ, ಆಗ ಗಾಳಿಯ ಆಮ್ಲಜನಕ ನೀರಿಗಿಳಿಯುವುದು ಕಡಿಮೆಯಾಗುತ್ತದೆ. ಇನ್ನು ಎಣ್ಣೆ ಮೀನಿನ ಕರುಳಿಗೆ ಹೋಗಿಯೇ ಇರುವುದಿಲ್ಲ. ಸಿಹಿನೀರಿನ ಮೀನುಗಳು ನಮ್ಮಂತೆ ನೀರು ಕುಡಿಯುವುದಿಲ್ಲ. ಅವುಗಳ ದೇಹದಲ್ಲಿ ಹೊರಗಿನ ನೀರಿಗಿಂತ ಲವಣ ಹೆಚ್ಚಿರುವುದರಿಂದ ಕಿವಿರು ಮತ್ತು ಚರ್ಮದ ಮೂಲಕ ನೀರು ತಾನಾಗಿಯೇ ಒಳಗೆ ಬರುತ್ತದೆ. ಆದ್ದರಿಂದ ತೊಟ್ಟಿಗೆ ಹಾಕಿದ ಅಜವಾನದ ನೀರು, ಮನುಷ್ಯರ ಭೇದಿ ಮಾತ್ರೆ ಯಾವುದೂ ನೀವು ಅಂದುಕೊಂಡ ಜಾಗ ತಲುಪುವುದಿಲ್ಲ.

ಗೋಲ್ಡ್‌ಫಿಶ್‌ಗೆ ಹೊಟ್ಟೆಯೇ ಇಲ್ಲ

"ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು, ಅಷ್ಟೇ ಆಹಾರ ಹಾಕಿ" ಎಂಬ ಮಾತನ್ನು ಮೀನು ಸಾಕುವವರೆಲ್ಲ ಕೇಳಿರುತ್ತಾರೆ. ಕಡಿಮೆ ಹಾಕಿ ಎಂಬ ಸಲಹೆ ಒಳ್ಳೆಯದೇ, ಆದರೆ ಕಾರಣ ತಪ್ಪು. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ. ನಾವು ತಿನ್ನುವ ರೋಹು, ಕಾಟ್ಲಾಗಳೂ ಇದೇ ಕಾರ್ಪ್ ಕುಟುಂಬದವು, ಅವಕ್ಕೂ ಇಲ್ಲ. ಆಹಾರವನ್ನು ಗಂಟಲಿನೊಳಗಿನ ಹಲ್ಲುಗಳಿಂದ ಅರೆದು ನೇರವಾಗಿ ಉದ್ದನೆಯ ಕರುಳಿಗೆ ಕಳಿಸುತ್ತವೆ. ತುಂಬಿಟ್ಟುಕೊಳ್ಳಲು ಚೀಲವಿಲ್ಲ, ಆಹಾರವನ್ನು ಕರಗಿಸುವ ಜಠರದ ಆಮ್ಲವೂ ಇಲ್ಲ. ದಿನವಿಡೀ ಸ್ವಲ್ಪ ಸ್ವಲ್ಪ ಮೇಯಲು ಆದ ದೇಹ ಅದು. ಬೆಳಿಗ್ಗೆ ಒಂದು ಮುಷ್ಟಿ ಒಣ ಗುಳಿಗೆ ಸುರಿದು ಆಫೀಸಿಗೆ ಹೋದರೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ.

ಹೊಟ್ಟೆ ಉಬ್ಬಿದರೆ ಮೀನು ತಲೆಕೆಳಗಾಗುವುದು ಏಕೆ? ಕರುಳಿನ ಮೇಲ್ಭಾಗದಲ್ಲಿ ಎರಡು ಕೋಣೆಗಳ ಗಾಳಿಚೀಲವಿದೆ. ಮೀನು ನೀರಿನಲ್ಲಿ ಮೇಲೆ-ಕೆಳಗೆ ಸಮತೋಲದಲ್ಲಿ ನಿಲ್ಲುವುದು ಅದರಿಂದ. ಗೋಲ್ಡ್‌ಫಿಶ್‌ನಲ್ಲಿ ಈ ಚೀಲ ಸಣ್ಣ ನಾಳವೊಂದರ ಮೂಲಕ ಅನ್ನನಾಳಕ್ಕೆ ಕೂಡಿಕೊಂಡಿದೆ. ಕರುಳಿನಲ್ಲಿ ಆಹಾರ ಕಟ್ಟಿ ಅನಿಲ ತುಂಬಿದರೆ ಗಾಳಿಚೀಲದ ಲೆಕ್ಕಾಚಾರ ಕೆಡುತ್ತದೆ. ಒರಾಂಡಾ, ರ್‍ಯುಕಿನ್‌ನಂತಹ ಗುಂಡು ದೇಹದ ತಳಿಗಳಲ್ಲಿ ಇದು ಹೆಚ್ಚು, ಏಕೆಂದರೆ ಅಂದಕ್ಕಾಗಿ ಮನುಷ್ಯರೇ ಅವುಗಳ ಬೆನ್ನುಮೂಳೆ ಗಿಡ್ಡವಾಗುವಂತೆ ತಳಿ ಬೆಳೆಸಿದ್ದಾರೆ. ಒಳಗಿನ ಅಂಗಗಳಿಗೆ ಜಾಗವೇ ಸಾಲದು.

ಏನು ಮಾಡಬೇಕು?

ಮೊದಲು ಆಹಾರ ನಿಲ್ಲಿಸಿ. ಬೆಳೆದ ಗೋಲ್ಡ್‌ಫಿಶ್ ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ (ಮರಿಗಳಿಗೆ ಹೀಗೆ ಮಾಡಬೇಡಿ). ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಮನೆಯಲ್ಲಿ ಅಜ್ಜಿಯೋ ಮಗುವೋ ಕನಿಕರದಿಂದ ನಡುವೆ ಎರಡು ಕಾಳು ಹಾಕದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ನಂತರ ಬಟಾಣಿ. ಇದು ಬರೀ ಮನೆಮದ್ದಲ್ಲ. ಅಮೆರಿಕದ ಪಶುವೈದ್ಯ ಗ್ರೆಗರಿ ಲ್ಯೂಬಾರ್ಟ್ 2000ದಲ್ಲಿ ಪಶುವೈದ್ಯರ ಪತ್ರಿಕೆಯೊಂದರಲ್ಲಿ ತೇಲುವ ಗೋಲ್ಡ್‌ಫಿಶ್‌ಗಳಿಗೆ ಹಸಿರು ಬಟಾಣಿ ಕೊಡುವ ಬಗ್ಗೆ ಬರೆದರು. ಇದು ವೈದ್ಯರ ಅನುಭವದಿಂದ ಬಂದ ಸಲಹೆ. ಕಾರಣ ಕರುಳಿನಲ್ಲಿ ಇದ್ದರೆ ಮಾತ್ರ ಫಲ ಸಿಗುತ್ತದೆ. ಬಟಾಣಿಯಲ್ಲಿ ನಾರಿದೆ, ಜೊತೆಗೆ ಅದು ನೀರಿನಲ್ಲಿ ಮುಳುಗುತ್ತದೆ. ಉಪ್ಪು ಹಾಕದೆ ಬೇಯಿಸಿ, ಸಿಪ್ಪೆ ತೆಗೆದು, ಮೀನಿನ ಬಾಯಿಗೆ ಹಿಡಿಯುವಷ್ಟು ಚೂರು ಮಾಡಿ, ದಿನಕ್ಕೊಂದು ಕಾಳಿನಂತೆ ಕೆಲವು ದಿನ ಕೊಡಿ. ಹಸಿ ಬಟಾಣಿ ಸಿಗದ ಕಾಲದಲ್ಲಿ ಒಣ ವಟಾಣಿ ನೆನೆಸಿ ಮೆತ್ತಗೆ ಬೇಯಿಸಿದರೂ ನಡೆಯುತ್ತದೆ. ಆದರೆ ಬೆಟ್ಟಾ ಮೀನಿಗೆ ಬಟಾಣಿ ಬೇಡ. ಅದು ಮಾಂಸಾಹಾರಿ, ಅದಕ್ಕೆ ಜಠರವೂ ಇದೆ. ಅದಕ್ಕೆ ಉಪವಾಸದ ನಂತರ ಡಾಫ್ನಿಯಾ ಎಂಬ ನೀರಿನ ಸಣ್ಣ ಜೀವಿ ಒಳ್ಳೆಯದು.

ಎಪ್ಸಮ್ ಉಪ್ಪು ಎಂದರೆ ಮೆಗ್ನೀಸಿಯಂ ಸಲ್ಫೇಟ್. ಹತ್ತಿ ಬೆಳೆಯುವ ರಾಯಚೂರು, ಮಾನ್ವಿ, ದೇವದುರ್ಗದ ರೈತರಿಗೆ ಇದು ಹೊಸದಲ್ಲ, ಎಲೆ ಕೆಂಪಾದಾಗ ಸಿಂಪಡಿಸುವುದು ಇದನ್ನೇ. ಹಾಗೆಂದು ಗೊಬ್ಬರದ ಚೀಲದಿಂದ ತೆಗೆದು ತೊಟ್ಟಿಗೆ ಹಾಕಬೇಡಿ, ಅದರಲ್ಲಿ ಬೇರೆ ಕಲಬೆರಕೆ ಇರಬಹುದು. ಔಷಧಿ ಅಂಗಡಿಯದ್ದನ್ನು 20 ಲೀಟರ್ ನೀರಿಗೆ ಒಂದು ಸಣ್ಣ ಚಮಚದಂತೆ, ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನಕ್ಕೆ ಬೆರೆಸುವುದು ಮೀನು ಸಾಕುವವರ ರೂಢಿ. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ. ಅದು ಸೋಡಿಯಂ ಕ್ಲೋರೈಡ್, ಮಲಬದ್ಧತೆಗೆ ಅದರಿಂದ ಉಪಯೋಗವಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ನೀರನ್ನು ನೋಡಿ. ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಮೀನು ಕಿವಿರಿನಿಂದ ಬಿಡುವುದೂ ಅಮೋನಿಯಾವನ್ನೇ. ಮೀನು ಮಂಕಾಗಿದ್ದರೆ ತಪ್ಪು ಹೊಟ್ಟೆಯದ್ದಲ್ಲ, ನೀರಿನದ್ದಾಗಿರಬಹುದು. ಕಾಲು ಭಾಗದಷ್ಟು ನೀರು ತೆಗೆದು, ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ನೀರು ತುಂಬಿಸಿ. ಎಲ್ಲ ನೀರನ್ನೂ ಒಮ್ಮೆಗೇ ಬದಲಿಸಿ ತೊಟ್ಟಿ ತಿಕ್ಕಿ ತೊಳೆದರೆ ಅಮೋನಿಯಾವನ್ನು ಬದಲಾಯಿಸುವ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ನಮ್ಮ ಭಾಗದ ಬೇಸಿಗೆ ಇನ್ನೊಂದು ತೊಂದರೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಕರೆಂಟು ಹೋಗಿ ಪಂಪು ನಿಂತ ಮಧ್ಯಾಹ್ನ ಹೊಟ್ಟೆ ತುಂಬ ತಿನ್ನಿಸಬೇಡಿ, ಜೀರ್ಣಕ್ಕೂ ಆಮ್ಲಜನಕ ಬೇಕು. ಚಳಿಗಾಲದಲ್ಲಿ ಇದಕ್ಕೆ ವಿರುದ್ಧ: ನೀರು ತಣ್ಣಗಾದಂತೆ ಮೀನಿನ ಜೀರ್ಣಕ್ರಿಯೆ ನಿಧಾನವಾಗುತ್ತದೆ, ಆಗಲೂ ಆಹಾರ ಕಡಿಮೆ ಮಾಡಬೇಕು.

"ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಭಕ್ತರು ಹಾಕುವ ಮಂಡಕ್ಕಿ ತಿಂದು ಚೆನ್ನಾಗೇ ಇವೆಯಲ್ಲ" ಎಂದು ಕೇಳುವವರಿದ್ದಾರೆ. ಅವು ಹರಿಯುವ ನದಿಯಲ್ಲಿ ಪಾಚಿ, ಹುಳು ಎಲ್ಲ ತಿಂದು ಓಡಾಡುವ ದೊಡ್ಡ ಮೀನುಗಳು. ನಾಲ್ಕು ಬಕೆಟ್ ನೀರಿನ ತೊಟ್ಟಿಯಲ್ಲಿ ನೆನೆದ ಮಂಡಾಳ ಉಬ್ಬಿ ಕೊಳೆಯುತ್ತದೆ.

ಹಿಂದೆ ಉದ್ದಕ್ಕೆ ಜೋತಾಡುವ ಮಲ ಕಂಡರೆ ಗಾಬರಿ ಬೇಡ, ಚೆನ್ನಾಗಿ ತಿನ್ನುವ ಗೋಲ್ಡ್‌ಫಿಶ್‌ನಲ್ಲಿ ಅದು ಸಾಮಾನ್ಯ. ಬಿಳಿ ದಾರದಂತಿದ್ದರೆ ಮೀನು ತಿಂದಿಲ್ಲ, ಬರೀ ಲೋಳೆ ಬರುತ್ತಿದೆ ಎಂದಿರಬಹುದು. ಹಲವು ದಿನ ಹಾಗೇ ಇದ್ದು ಮೀನು ಸೊರಗಿದರೆ ಪರಾವಲಂಬಿ ಜೀವಿಗಳ ಸಂಶಯ ಪಡಬೇಕು. ಹುರುಪೆಗಳು ಅನಾನಸ್ ಸಿಪ್ಪೆಯಂತೆ ಎದ್ದು ನಿಂತಿದ್ದರೆ ಅದು ಅಜೀರ್ಣವಲ್ಲ, ದೇಹದೊಳಗೆ ನೀರು ತುಂಬುತ್ತಿದೆ. ಸೋಂಕು ಅಥವಾ ಮೂತ್ರಪಿಂಡದ ವೈಫಲ್ಯ ಇದಕ್ಕೆ ಕಾರಣವಿರಬಹುದು, ಬಟಾಣಿಗೆ ಬಗ್ಗುವುದಿಲ್ಲ. ಒಂದು ವಾರದಲ್ಲಿ ಉಬ್ಬರ ಇಳಿಯದಿದ್ದರೆ ಪಶುವೈದ್ಯರಿಗೆ ತೋರಿಸಿ. ಗಾಳಿಚೀಲದ್ದೋ ಕರುಳಿನದ್ದೋ ಎಂಬುದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ, ಮೀನಿಗೂ ಎಕ್ಸ್‌ರೇ ತೆಗೆಯುತ್ತಾರೆ. ಬದುಕಿಕೊಳ್ಳಲಿ ಎಂದು ಕಾಲುವೆಗೋ ಕೆರೆಗೋ ಬಿಡಬೇಡಿ. ರೋಗ ಅಲ್ಲಿನ ಮೀನುಗಳಿಗೆ ಹರಡಬಹುದು, ಗುಣವಾದರೆ ಗೋಲ್ಡ್‌ಫಿಶ್ ಅಲ್ಲಿ ಸಂತಾನ ಬೆಳೆಸಿ ಸ್ಥಳೀಯ ಮೀನುಗಳ ಆಹಾರಕ್ಕೆ ಪಾಲುದಾರನಾಗಬಹುದು.

ಗುಂಜಹಳ್ಳಿಯ ಮೀನುಗಳ ವಿಷಯಕ್ಕೆ ಬಂದರೆ, ಹಳೆಯ ಪತ್ರಿಕೆಯ ಹಾಳೆಯನ್ನು ನೀರಿನ ಮೇಲೆ ಹಾಸಿ ಎಣ್ಣೆ ಎತ್ತಿದೆವು, ನೀರು ಸ್ವಲ್ಪ ಸ್ವಲ್ಪವೇ ಬದಲಿಸಿದೆವು. ತೇಲುತ್ತಿದ್ದ ಮೀನು ಮೂರು ದಿನ ಉಪವಾಸವಿದ್ದು ನಾಲ್ಕನೆಯ ದಿನ ನೆಟ್ಟಗಾಯಿತು. ಜೊತೆಯ ಮೀನು ಮಾತ್ರ ಎರಡನೆಯ ದಿನವೇ ಸತ್ತಿತ್ತು.