ಮೂಸಿಯ ನೆರೆಯೂ ಅಂತರ್ಜಾಲದ ನೆರೆಯೂ

೧೯೦೮ರಲ್ಲಿ ಮೂಸಿಯು ಹೈದರಾಬಾದನ್ನು ಮುಳುಗಿಸಿದ ಮೇಲೆ, ನಮ್ಮ ವಿಶ್ವೇಶ್ವರಯ್ಯನವರು ನೆರೆಯನ್ನು ನಗರದ ಮೇಲ್ಭಾಗದಲ್ಲಿಯೇ ತಡೆಯುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ (೧೯೨೦), ಹಿಮಾಯತ್ ಸಾಗರ (೧೯೨೭)ಗಳು ನಗರವನ್ನು ಕಾಯ್ದುದಲ್ಲದೆ ಕುಡಿಯುವ ನೀರನ್ನೂ ಒದಗಿಸಿದವು. ರಕ್ಷಣೆ, ಹಂಚಿಕೆಗಳೆರಡೂ ಒಂದೇ ರಚನೆಯ ಕಾರ್ಯಗಳಾದವು.

ಅಂತರ್ಜಾಲವು ಇದನ್ನು ಪೆಟ್ಟು ತಿಂದು ಕಲಿಯಿತು. ೧೯೮೬ರಲ್ಲಿ ಅಮೆರಿಕೆಯ ಬರ್ಕ್ಲಿಯಲ್ಲಿ ದಟ್ಟಣೆಯಿಂದ ಒಂದು ಮಾರ್ಗದ ವೇಗವು ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ಕ್ಕೆ ಕುಸಿಯಿತು. ೧೯೮೮ರಲ್ಲಿ ವ್ಯಾನ್ ಜೇಕಬ್ಸನ್ ಪ್ರಕಟಿಸಿದ ಪರಿಹಾರವು ಕಳುಹಿಸುವವನ ಸಂಯಮವನ್ನು ನಂಬಿತ್ತು, ಆಕ್ರಮಣಕಾರನಿಗೆ ಸಂಯಮವೆಲ್ಲಿಯದು? ೧೯೮೯ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಎಂಬವರು ಪ್ರತಿಯೊಂದು ಸಂದೇಶಧಾರೆಗೂ ಬೇರೆ ಸಾಲನ್ನಿಟ್ಟು ಸರದಿಯಂತೆ ದಾರಿ ಕೊಡುವ ಕ್ರಮವನ್ನು ವಿವೇಚಿಸಿದರು. ಅತಿಯಾಗಿ ನುಗ್ಗುವವನ ಸಾಲಷ್ಟೇ ಬೆಳೆಯುವುದು. ಇತರರ ಪಾಲು ಉಳಿಯುವುದು. ಸಾವಿರ ಸುಳ್ಳು ವಿಳಾಸಗಳಿಂದ ಬರುವವನಿಗೆ ಮಾತ್ರ ಇದು ಸಾಲದು. ಅಂಥವನನ್ನು ಅವನು ಹೊರಡುವ ಜಾಲದ ಬಾಗಿಲಲ್ಲಿಯೇ ತಡೆಯಬೇಕೆಂದು ೨೦೦೦ದಲ್ಲಿ ಅಂತರ್ಜಾಲದ ತಂತ್ರಜ್ಞರು ವಿಧಿಸಿದರು. ಮೂಸಿಯ ಪಾಠವೂ ಅದೇ: ನೆರೆಗೆ ಕಟ್ಟೆಯನ್ನು ಮೇಲೆಯೇ ಕಟ್ಟಬೇಕು.