ಠಾಣೆಯ ಕತ್ತಲಲ್ಲಿ ‘ಸಮ್ಮತಿ’

1972ರ ಮಾರ್ಚ್ 26ರ ರಾತ್ರಿ. ಮಹಾರಾಷ್ಟ್ರದ ಅಂದಿನ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಗೆ ಆದಿವಾಸಿ ಹುಡುಗಿಯೊಬ್ಬಳನ್ನು ಕರೆಸಲಾಗಿತ್ತು. ತಂದೆ ತಾಯಿ ಇಲ್ಲದ ಆಕೆ ಕೂಲಿ ಮಾಡಿ ಬದುಕುತ್ತಿದ್ದಳು. ವೈದ್ಯರ ಅಂದಾಜಿನಂತೆ ವಯಸ್ಸು 14ರಿಂದ 16. ಕೆಲಸಕ್ಕೆ ಹೋಗುತ್ತಿದ್ದ ಮನೆಯವರ ಬಂಧು ಯುವಕನೊಬ್ಬನನ್ನು ಆಕೆ ಮೆಚ್ಚಿದ್ದಳು. ಅವರು ಆಕೆಯನ್ನು ಅಪಹರಿಸಿದ್ದಾರೆಂದು ಸೋದರ ದೂರು ಕೊಟ್ಟಿದ್ದರಿಂದ ಎಲ್ಲರನ್ನೂ ಠಾಣೆಗೆ ಕರೆಸಿದ್ದರು.

ಹೇಳಿಕೆಗಳನ್ನು ಬರೆದುಕೊಳ್ಳುವ ಹೊತ್ತಿಗೆ ರಾತ್ರಿ ಹತ್ತೂವರೆ. ಉಳಿದವರಿಗೆ ಹೊರಗೆ ಹೋಗಲು ಹೇಳಿ ಹುಡುಗಿಯನ್ನು ಮಾತ್ರ ಪೊಲೀಸರು ನಿಲ್ಲಿಸಿಕೊಂಡರು. ಬಾಗಿಲು ಮುಚ್ಚಿತು, ದೀಪಗಳು ಆರಿದವು. ಹೊರಗೆ ಕಾಯುತ್ತಿದ್ದವರಿಗೆ ಅನುಮಾನ ಬಂದು ಕೂಗಾಡಿದರು, ಜನ ಸೇರಿದರು. ಹೊರಬಂದ ಹುಡುಗಿ, ಪೇದೆ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದೂ, ಕುಡಿದಿದ್ದ ಹೆಡ್ ಕಾನ್‌ಸ್ಟೆಬಲ್ ಮೈಮೇಲೆ ಕೈಹಾಕಿದನೆಂದೂ ಹೇಳಿದಳು. ಸೇರಿದ್ದ ಜನ ಪಟ್ಟು ಹಿಡಿದದ್ದರಿಂದಲೇ ದೂರು ದಾಖಲಾಯಿತು.

ಇಲ್ಲಿಂದ ಮುಂದಿನ ಆರೂವರೆ ವರ್ಷ ಮೂರು ನ್ಯಾಯಾಲಯಗಳು ಚರ್ಚಿಸಿದ್ದು ಒಂದೇ ಪ್ರಶ್ನೆಯನ್ನು: ಆಕೆಯ ಸಮ್ಮತಿ ಇತ್ತೇ?

1974ರಲ್ಲಿ ಸೆಷನ್ಸ್ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಹುಡುಗಿ ಸುಳ್ಳುಗಾತಿ, ಆಕೆಗೆ ದೈಹಿಕ ಸಂಬಂಧ ಹೊಸದಲ್ಲ, ಹೊರಗೆ ನಿಂತಿದ್ದ ಪ್ರಿಯಕರನ ಎದುರು ಸಾಧ್ವಿಯಾಗಿ ಕಾಣಿಸಿಕೊಳ್ಳಲು ಅತ್ಯಾಚಾರದ ಕಥೆ ಕಟ್ಟಿದಳು ಎಂಬುದು ಅದರ ಅಭಿಪ್ರಾಯ. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಇದನ್ನು ತಳ್ಳಿಹಾಕಿತು. ಬೇರೆ ದಾರಿ ಕಾಣದೆ ಮಣಿಯುವುದು ಬೇರೆ, ಒಪ್ಪುವುದು ಬೇರೆ. ಗುರುತು ಪರಿಚಯವಿಲ್ಲದ ಪೊಲೀಸರ ಬಳಿ ಆಕೆ ತಾನಾಗಿ ಹೋಗುವ ಸಂಭವವೇ ಇಲ್ಲ ಎಂದು ಹೇಳಿ ಪೇದೆಗೆ ಐದು ವರ್ಷ, ಹೆಡ್ ಕಾನ್‌ಸ್ಟೆಬಲ್‌ಗೆ ಒಂದು ವರ್ಷ ಶಿಕ್ಷೆ ವಿಧಿಸಿತು. 1978ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಮತ್ತೆ ಇಬ್ಬರನ್ನೂ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಪ್ರತಿಭಟಿಸಿದೆ ಎನ್ನುವುದು ಸುಳ್ಳು. ಜೊತೆಯವರು ಹತ್ತಿರದಲ್ಲೇ ಇದ್ದರೂ ಕೂಗಲಿಲ್ಲ, ಆದ್ದರಿಂದ ಭಯವೂ ಇರಲಿಲ್ಲ. ತೀರ್ಪಿನ ತರ್ಕ ಸ್ಥೂಲವಾಗಿ ಇಷ್ಟೇ.

ಈ ತೀರ್ಪು ಒಂದು ವರ್ಷ ಯಾರ ಗಮನವನ್ನೂ ಅಷ್ಟಾಗಿ ಸೆಳೆಯದೆ ಕಾನೂನು ವರದಿಗಳಲ್ಲಿ ಮಲಗಿತ್ತು. ಅದನ್ನು ಎಬ್ಬಿಸಿದವರು ನಾಲ್ವರು ಕಾನೂನು ಅಧ್ಯಾಪಕರು: ದೆಹಲಿ ವಿಶ್ವವಿದ್ಯಾಲಯದ ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್ ಮತ್ತು ಪುಣೆಯ ವಸುಧಾ ಧಾಗಮ್‌ವಾರ್. 1979ರ ಸೆಪ್ಟೆಂಬರ್ 16ರಂದು ಅವರು ಭಾರತದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸರ್ವೋಚ್ಚ ನ್ಯಾಯಾಲಯವನ್ನು ಹೀಗೆ ಬಹಿರಂಗವಾಗಿ ಪ್ರಶ್ನಿಸುವುದು ಅಂದಿಗೆ ಸಣ್ಣ ಮಾತಾಗಿರಲಿಲ್ಲ.

ಪತ್ರದ ಪ್ರಶ್ನೆಗಳು ನೇರವಾಗಿದ್ದವು. ಎಲ್ಲರನ್ನೂ ಕಳಿಸಿ ಹುಡುಗಿಯೊಬ್ಬಳನ್ನೇ ಠಾಣೆಯಲ್ಲಿ ಉಳಿಸಿಕೊಂಡದ್ದೇಕೆ? ಬಾಗಿಲು ಮುಚ್ಚಿ ದೀಪ ಆರಿಸಿದ್ದೇಕೆ? ಬಡ ಕೂಲಿ ಹುಡುಗಿ ಠಾಣೆಯೊಳಗೆ ಪೊಲೀಸರನ್ನು ಎದುರಿಸಿ ಗಾಯ ಮಾಡಿಸಿಕೊಳ್ಳಬೇಕಿತ್ತೇ? ಮಣಿದದ್ದನ್ನೇ ಸಮ್ಮತಿ ಎನ್ನಬಹುದೇ? ಅವರು ಇನ್ನೊಂದು ಮಾತನ್ನೂ ನೆನಪಿಸಿದರು. ಅದೇ 1978ರ ಏಪ್ರಿಲ್‌ನಲ್ಲಿ, ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ, ವಿಚಾರಣೆಗೆಂದು ಹೆಂಗಸರನ್ನು ಠಾಣೆಗೆ ಕರೆಸುವುದು ಕಾನೂನುಬಾಹಿರ ಎಂದು ಇದೇ ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿತ್ತು. ಐದು ತಿಂಗಳ ನಂತರ, ಕೂಲಿ ಹುಡುಗಿಯನ್ನು ರಾತ್ರಿ ಠಾಣೆಯಲ್ಲಿ ನಿಲ್ಲಿಸಿಕೊಂಡ ಬಗ್ಗೆ ತೀರ್ಪಿನಲ್ಲಿ ಒಂದು ಖಂಡನೆಯ ಮಾತೂ ಇರಲಿಲ್ಲ.

ಪತ್ರ ಪತ್ರಿಕೆಗಳಲ್ಲಿ ಪ್ರಕಟವಾಯಿತು, ಕೈಯಿಂದ ಕೈಗೆ ಹೋಯಿತು. 1980ರ ಮಾರ್ಚ್ 8ರಂದು, ಮಹಿಳಾ ದಿನದಂದು, ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದು ಮರುವಿಚಾರಣೆಗೆ ಒತ್ತಾಯಿಸಿದರು. ಅರ್ಜಿ ತಿರಸ್ಕೃತವಾಯಿತು. ಆದರೆ ಕಿಚ್ಚು ಆರುವಂತಿರಲಿಲ್ಲ. ಅದಕ್ಕೆ ಮೊದಲೇ, 1978ರ ಮಾರ್ಚ್‌ನಲ್ಲಿ, ಹೈದರಾಬಾದಿನ ನಲ್ಲಕುಂಟ ಠಾಣೆಯ ಪ್ರಕರಣ ಆ ನಗರವನ್ನೇ ಹೊತ್ತಿಸಿತ್ತು. ಅಲ್ಲಿ ಪೊಲೀಸರು ಮಹಿಳೆಯೊಬ್ಬಳ ಮೇಲೆ ಅತ್ಯಾಚಾರ ಎಸಗಿದರು, ಪ್ರತಿಭಟಿಸಿದ ಆಕೆಯ ಗಂಡ ಅವರ ಹೊಡೆತಕ್ಕೆ ಸತ್ತ ಎಂಬುದು ಆರೋಪ. ಮುಕ್ತದರ್ ವಿಚಾರಣಾ ಆಯೋಗ ಪೊಲೀಸರೇ ತಪ್ಪಿತಸ್ಥರೆಂದಿತು. ಆಯೋಗದ ಮುಂದೆ ಪೊಲೀಸರ ಕಡೆಯವರು ಆಕೆ ವೇಶ್ಯೆ ಎಂದು ಸಾಧಿಸಲು ಸಾಕ್ಷಿಗಳ ಸಾಲನ್ನೇ ನಿಲ್ಲಿಸಿದ್ದರು. ಮುಂದೆ ಮೊಕದ್ದಮೆ ಗಡಿ ದಾಟಿ ಕರ್ನಾಟಕದ ರಾಯಚೂರಿನ ನ್ಯಾಯಾಲಯಕ್ಕೆ ವರ್ಗವಾಯಿತು. 1981ರಲ್ಲಿ ಅಲ್ಲಿ ಪೊಲೀಸರು ಖುಲಾಸೆಯಾದರು.

ಕಾನೂನು ಬದಲಾದದ್ದು 1983ರ ಡಿಸೆಂಬರ್‌ನಲ್ಲಿ. 1860ರ ದಂಡ ಸಂಹಿತೆಯ ಅತ್ಯಾಚಾರದ ಕಲಮುಗಳಿಗೆ ಅಷ್ಟು ದೊಡ್ಡ ತಿದ್ದುಪಡಿ ಅದುವರೆಗೆ ಆಗಿರಲಿಲ್ಲ. ಪೊಲೀಸರು, ಜೈಲು ಹಾಗೂ ಆಸ್ಪತ್ರೆಯ ಸಿಬ್ಬಂದಿ ತಮ್ಮ ಸುಪರ್ದಿನಲ್ಲಿರುವ ಮಹಿಳೆಯ ಮೇಲೆ ಎಸಗುವ ಅತ್ಯಾಚಾರ ಪ್ರತ್ಯೇಕ ಅಪರಾಧವಾಯಿತು; ಅದಕ್ಕೆ ಕನಿಷ್ಠ 10 ವರ್ಷ ಶಿಕ್ಷೆ. ಇಂಥ ಪ್ರಕರಣದಲ್ಲಿ ದೈಹಿಕ ಸಂಪರ್ಕ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲವೆಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ, ಸಮ್ಮತಿ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು ಎಂದು ಸಾಕ್ಷ್ಯ ಕಾಯ್ದೆಗೆ 114ಎ ಸೇರಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು, ಆಕೆಯ ಹೆಸರನ್ನು ಪ್ರಕಟಿಸಕೂಡದು ಎಂಬ ನಿಯಮಗಳೂ ಬಂದವು.

ಹೆಸರು ಮುಚ್ಚಿಡುವ ಅಗತ್ಯ ಏಕೆ ಬಂತೆನ್ನುವುದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಕನ್ನಡ ಪತ್ರಿಕೆಗಳು ಬಹುಕಾಲ ಈ ಅಪರಾಧವನ್ನು ‘ಮಾನಭಂಗ’, ‘ಶೀಲಭಂಗ’ ಎಂದೇ ಬರೆದವು. ಕಳ್ಳತನವಾದರೆ ಕಳ್ಳನ ಮಾನ ಹೋಗುತ್ತದೆ. ಇಲ್ಲಿ ಮಾತ್ರ ಅಪರಾಧ ಮಾಡಿದವನದು ಉಳಿದು, ಅನುಭವಿಸಿದವಳದು ಹೋಗುತ್ತದೆ! ‘ಕೆಟ್ಟುಹೋದವಳು’ ಎನ್ನುವ ಮಾತು ಅಲ್ಲಿಂದಲೇ ಹುಟ್ಟಿದ್ದು. ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಊರ ಹಿರಿಯರು ರಾಜಿಗೆ ಕೂರುವುದು, ಅತ್ಯಾಚಾರ ಮಾಡಿದವನಿಗೇ ಕೊಟ್ಟು ಮದುವೆ ಮಾಡಿ ‘ಮರ್ಯಾದೆ ಉಳಿಸಿದೆವು’ ಎನ್ನುವುದು ಇದರದೇ ಮುಂದುವರಿಕೆ.

ಕಾನೂನು ತಿದ್ದಿದ ಮಾತ್ರಕ್ಕೆ ಈ ಮನಸ್ಸು ಬದಲಾಗಲಿಲ್ಲ ಎನ್ನುವುದಕ್ಕೆ ಹೆಚ್ಚು ಕಾಲ ಕಾಯಬೇಕಾಗಲಿಲ್ಲ. ಹರಿಯಾಣದ ಪ್ರಕರಣವೊಂದರಲ್ಲಿ ಇಬ್ಬರು ಪೊಲೀಸರಿಗೆ ಹೊಸ ಕಾಯ್ದೆಯಂತೆ 10 ವರ್ಷ ಶಿಕ್ಷೆಯಾಗಿತ್ತು. 1989ರಲ್ಲಿ ಸುಪ್ರೀಂ ಕೋರ್ಟ್ ಅಪರಾಧವನ್ನು ಎತ್ತಿಹಿಡಿದರೂ ಶಿಕ್ಷೆಯನ್ನು 5 ವರ್ಷಕ್ಕೆ ಇಳಿಸಿತು. ಕೊಟ್ಟ ಕಾರಣ, ಹುಡುಗಿಯ ‘ನಡತೆ’. ವಿಶೇಷ ಕಾರಣವಿದ್ದರೆ ಕನಿಷ್ಠ ಶಿಕ್ಷೆಯನ್ನೂ ಕಡಿಮೆ ಮಾಡಬಹುದೆಂದು 1983ರ ಕಾಯ್ದೆಯಲ್ಲೇ ಒಂದು ಕಿಂಡಿ ಇತ್ತು. ನಡತೆ ಆ ಕಿಂಡಿಯಿಂದ ನುಸುಳಿತು. ಮರುಪರಿಶೀಲನೆ ಕೋರಿದಾಗ, ಆಕೆಯ ಚಾರಿತ್ರ್ಯದ ಬಗ್ಗೆ ತಾನು ಏನನ್ನೂ ಹೇಳಿಲ್ಲವೆಂದು ನ್ಯಾಯಾಲಯ ವಿವರಣೆ ಕೊಟ್ಟಿತು. ಶಿಕ್ಷೆ ಮಾತ್ರ ಹೆಚ್ಚಲಿಲ್ಲ. ಇನ್ನೊಂದು ಕಿಂಡಿ ಸಾಕ್ಷ್ಯ ಕಾಯ್ದೆಯ 155ನೇ ಕಲಮಿನಲ್ಲಿತ್ತು. ದೂರು ಕೊಟ್ಟವಳು ‘ಅನೈತಿಕ ನಡತೆಯವಳು’ ಎಂದು ತೋರಿಸಿ ಆಕೆಯ ಮಾತಿನ ನಂಬಿಕೆ ಕೆಡಿಸಲು ಅದು ಆರೋಪಿಗೆ ಅವಕಾಶ ಕೊಡುತ್ತಿತ್ತು. ಅದನ್ನು ತೆಗೆಯಲು 2002ರ ತಿದ್ದುಪಡಿಯೇ ಬೇಕಾಯಿತು.

ದೇಸಾಯಿಗಂಜ್ ಹುಡುಗಿಯ ವೈದ್ಯಕೀಯ ವರದಿಯಲ್ಲೂ ‘ಎರಡು ಬೆರಳಿನ ಪರೀಕ್ಷೆ’ಯ ಫಲಿತಾಂಶವಿತ್ತು. ಹೆಣ್ಣಿಗೆ ಮೊದಲೇ ಸಂಬಂಧವಿತ್ತೇ ಎಂದು ಹೇಳುವುದಾಗಿ ನಂಬಲಾಗಿದ್ದ, ವಿಜ್ಞಾನದ ಆಧಾರವಿಲ್ಲದ ಪರೀಕ್ಷೆ ಅದು. ಇದು ಹೆಣ್ಣಿನ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆದರೂ ನಿಲ್ಲದ್ದರಿಂದ, ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ಮತ್ತೆ ಹೇಳಬೇಕಾಯಿತು.

2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು. ಅತ್ಯಾಚಾರವನ್ನು ಮಾನ-ಅವಮಾನದ ಲೆಕ್ಕದಿಂದ ಬಿಡಿಸಿ, ದೇಹದ ಮೇಲಿನ ಹಕ್ಕಿನ ಉಲ್ಲಂಘನೆಯಾಗಿ ನೋಡಬೇಕೆಂಬುದು ಅದರ ನಿಲುವು. 2013ರ ತಿದ್ದುಪಡಿ ಸಮ್ಮತಿಗೆ ಕೊನೆಗೂ ಅರ್ಥ ಬರೆಯಿತು: ಅದು ಸ್ವಇಚ್ಛೆಯ, ಸಂದೇಹಕ್ಕೆಡೆಯಿಲ್ಲದ ಒಪ್ಪಿಗೆಯಾಗಿರಬೇಕು, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದೊಂದೇ ಒಪ್ಪಿಗೆಯಾಗದು. ನಾಗಪುರ ಪೀಠ 1976ರಲ್ಲಿ ಹೇಳಿದ ಮಾತು ಶಾಸನದ ಪುಟಕ್ಕೆ ಏರಲು 37 ವರ್ಷ ಹಿಡಿಯಿತು.

ನಡತೆಯ ಮಾತು ಅಲ್ಲಿಗೂ ಮುಗಿಯಲಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನು ಆದೇಶವೊಂದು, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರಳ ವಿವರಣೆ ಭಾರತೀಯ ಮಹಿಳೆಗೆ ತಕ್ಕುದಲ್ಲ ಎಂದಿತ್ತು. ಟೀಕೆಗಳು ಬಂದ ಮೇಲೆ ಆ ಸಾಲನ್ನು ತೆಗೆದುಹಾಕಲಾಯಿತು. ಅದೇ ವರ್ಷ ಮಧ್ಯಪ್ರದೇಶ ಹೈಕೋರ್ಟ್ ಲೈಂಗಿಕ ಕಿರುಕುಳದ ಆರೋಪಿಯೊಬ್ಬನಿಗೆ, ದೂರು ಕೊಟ್ಟವಳ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳುವ ಷರತ್ತಿನ ಮೇಲೆ ಜಾಮೀನು ಕೊಟ್ಟಿತ್ತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ಹೆಣ್ಣಿನ ಉಡುಪು, ನಡವಳಿಕೆ, ಹಿಂದಿನ ಬದುಕಿನ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಮಾಡಬಾರದೆಂದು ಸೂಚಿಸಿತು.

2024ರ ಜುಲೈ 1ರಿಂದ ಹಳೆಯ ಸಂಹಿತೆಗಳ ಜಾಗಕ್ಕೆ ಹೊಸವು ಬಂದಿವೆ. 114ಎ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಮು. ಹೆಸರು ಪ್ರಕಟಿಸಬಾರದೆಂಬ ನಿಯಮ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿದೆ. ಅದನ್ನು ಮೀರಿದರೆ ಎರಡು ವರ್ಷದವರೆಗೆ ಸಜೆ. ದೇಸಾಯಿಗಂಜ್ ಪ್ರಕರಣದ ತೀರ್ಪು ಕಾನೂನು ವರದಿಗಳಲ್ಲಿ ಹಾಗೆಯೇ ಇದೆ. ಶೀರ್ಷಿಕೆಯಲ್ಲಿರುವುದು ಹೆಡ್ ಕಾನ್‌ಸ್ಟೆಬಲ್‌ನ ಹೆಸರು. ಆದರೆ ದೇಶದ ಕಾನೂನು ಕಾಲೇಜುಗಳಲ್ಲಿ ಆ ಮೊಕದ್ದಮೆಯನ್ನು ಪಾಠ ಮಾಡುವುದು ಹುಡುಗಿಯ ಹೆಸರಿನಿಂದ.